ಬಾವಿಯ ತಳ ಕಾಣುವ ತಿಂಗಳು

ಕುಡಿಯುವ ನೀರಿನ ಯೋಜನೆಯ ಮೌಲ್ಯಮಾಪನದಲ್ಲಿ ಫಲಿತಾಂಶವನ್ನು ಅರ್ಧಕ್ಕರ್ಧ ತೀರ್ಮಾನಿಸುವುದು ಪ್ರಶ್ನಾವಳಿಯಲ್ಲ, ಊರಿಗೆ ಹೋಗುವ ತಿಂಗಳು. ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 3,000 ಮಿ.ಮೀ. ಮಳೆ ಸುರಿಯುತ್ತದೆ. ಡಿಸೆಂಬರ್‌ನಲ್ಲೂ ಮನೆಯ ಬಾವಿಯಲ್ಲಿ ಬೇಕಾದಷ್ಟು ನೀರಿರುತ್ತದೆ. ಅದೇ ಬಾವಿ ಏಪ್ರಿಲ್ ಕೊನೆಗೆ ತಳ ಕಾಣುತ್ತದೆ. ಅಳಿವೆಯ ಹತ್ತಿರವಿದ್ದರೆ ಸವಳಾಗುತ್ತದೆ. ಡಿಸೆಂಬರ್‌ನಲ್ಲಿ ಹೋದವರಿಗೆ ಸಿಗುವ ಉತ್ತರ ಸುಳ್ಳಲ್ಲ, ಆದರೆ ಯೋಜನೆ ಬೇಕಾಗಿದ್ದ ದಿನಗಳ ಉತ್ತರ ಅದಲ್ಲ.

ಗ್ರಾಮೀಣಾಭಿವೃದ್ಧಿಯ ಅಧ್ಯಯನಕಾರ ರಾಬರ್ಟ್ ಚೇಂಬರ್ಸ್ 1983ರಲ್ಲೇ ಈ ದೋಷವನ್ನು ಗುರುತಿಸಿದ್ದರು: ಹೊರಗಿನಿಂದ ಬಂದವರು ಡಾಂಬರು ರಸ್ತೆಯ ಪಕ್ಕದ ಊರುಗಳನ್ನೇ ನೋಡುತ್ತಾರೆ, ಓಡಾಟಕ್ಕೆ ಅನುಕೂಲವಾದ ಕಾಲದಲ್ಲೇ ಬರುತ್ತಾರೆ. ಇಲ್ಲಿ ಆ ಡಾಂಬರು ರಸ್ತೆ ರಾಷ್ಟ್ರೀಯ ಹೆದ್ದಾರಿ 66. ಮೂರೂ ಪೇಟೆಗಳು ಅದರ ಮೇಲೇ ಇವೆ. ಬೆಳಿಗ್ಗೆ ಭಟ್ಕಳದಲ್ಲಿ ಹೊರಟರೆ ಸಂಜೆ ಕುಮಟಾ ಮುಟ್ಟುವಷ್ಟರಲ್ಲಿ ಹತ್ತಾರು ಫಾರಂ ತುಂಬಿರುತ್ತವೆ. ಆದರೆ ಪೈಪಿನಲ್ಲಿ ನೀರು ಮೊದಲು ನಿಲ್ಲುವುದು ಹೊಳೆಯಾಚೆಯ ಕೇರಿಯಲ್ಲಿ, ಗುಡ್ಡದ ನೆತ್ತಿಯ ನಾಲ್ಕು ಮನೆಗಳಲ್ಲಿ.

ಸರ್ಕಾರದ ಯೋಜನೆಗಳ ಮೌಲ್ಯಮಾಪನಕ್ಕೆಂದು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ 2011ರಲ್ಲಿ ಸ್ಥಾಪನೆಯಾಯಿತು. ಇಂಥ ಅಧ್ಯಯನಗಳಲ್ಲಿ ಅವಧಿ, ಹಣ, ಮಾದರಿ ಮನೆಗಳ ಸಂಖ್ಯೆ ಸಾಮಾನ್ಯವಾಗಿ ಮೊದಲೇ ನಿಗದಿಯಾಗಿರುತ್ತವೆ. ಸಮಯ ಸಾಲದೆ ಏನನ್ನಾದರೂ ಬಿಡಲೇಬೇಕಾದಾಗ ಮನೆಗಳ ಸಂಖ್ಯೆಯನ್ನು ಒಪ್ಪಿಗೆ ಪಡೆದು ಇಳಿಸುವುದು ಮೇಲು, ಮೇ ತಿಂಗಳ ಸುತ್ತನ್ನು ಬಿಡುವುದಲ್ಲ. ಮನೆಗಳು ಕಡಿಮೆಯಾದರೆ ಅಂದಾಜು ಒರಟಾಗುತ್ತದೆ ಅಷ್ಟೆ. ತಿಂಗಳು ತಪ್ಪಿದರೆ ಉತ್ತರವೇ ಬೇರೆಯಾಗುತ್ತದೆ.

ಪಟ್ಟಿಯಲ್ಲಿದ್ದ ಮನೆಗೆ ಬೀಗ ಬಿದ್ದಿರುವುದು ದಿನನಿತ್ಯದ ಸಂಗತಿ. ಭಟ್ಕಳದಲ್ಲಾದರೆ ಮನೆಯವರು ಗಲ್ಫ್‌ನಲ್ಲಿರಬಹುದು. ಹೊನ್ನಾವರದ ಕಾಸರಕೋಡಿನ ಮೀನುಗಾರರ ಕೇರಿಯಲ್ಲಿ ಗಂಡಸರು ದೋಣಿಯ ಮೇಲೆ, ಹೆಂಗಸರು ಮೀನಿನ ಬುಟ್ಟಿ ಹೊತ್ತು ಪೇಟೆಯಲ್ಲಿ. ಪಕ್ಕದ ತೆರೆದ ಬಾಗಿಲು ಕೈಬೀಸಿ ಕರೆಯುತ್ತದೆ. ಆದರೆ ಹಗಲು ಮನೆಯಲ್ಲಿರುವವರಿಗೆ ನಲ್ಲಿ ಬಿಟ್ಟಾಗ ನೀರು ಹಿಡಿದಿಡಲು ಒಬ್ಬರಾದರೂ ಇರುತ್ತಾರೆ. ಬೆಳಗಿನ ನೀರು ಮೀನು ಮಾರುವವಳ ಕೊಡಕ್ಕೆ ಬೀಳುವುದೇ ಇಲ್ಲ. ಗಲ್ಫ್‌ನ ಮನೆಗೆ ಬದಲಿ ಮನೆ ಹಿಡಿಯಬಹುದು. ಮೀನು ಮಾರುವವಳ ಮನೆಗೆ ಸಂಜೆ ಮತ್ತೆ ಹೋಗಲೇಬೇಕು.

ಕೇಳುವ ಬಗೆಯೂ ಅಷ್ಟೇ ಮುಖ್ಯ. 2019ರ ಜಲ ಜೀವನ್ ಮಿಷನ್‌ನ ಅಳತೆಗೋಲು ತಲೆಗೆ ದಿನಕ್ಕೆ 55 ಲೀಟರ್. ಲೀಟರ್ ಲೆಕ್ಕದಲ್ಲಿ ಕೇಳಿದರೆ ಬರುವ ಉತ್ತರ "ಸಾಕಾಗ್ತದೆ" ಎಂಬುದೊಂದೇ. "ಎಷ್ಟು ಕೊಡ ತುಂಬ್ತದೆ ಅಮ್ಮಾ?" ಎಂದರೆ ಮಾತು ಬೇರೆಯಾಗುತ್ತದೆ: "ಎಂಟು ಕೊಡ ಆಗ್ತದೆ, ಆಮೇಲೆ ನೂಲಿನ ಹಾಗೆ." ಐದು ಜನರ ಮನೆಗೆ ಬೇಕಾದದ್ದು 275 ಲೀಟರ್, 14 ಲೀಟರಿನ ಕೊಡದಲ್ಲಿ ಹೆಚ್ಚುಕಡಿಮೆ ಇಪ್ಪತ್ತು. ಎಂಟು ಎಂದಾಗ ಕೊರತೆ ಎಷ್ಟೆಂಬುದು ಅಂಗಳದಲ್ಲೇ ಗೊತ್ತಾಗುತ್ತದೆ. ಈ ಲೆಕ್ಕ ಗೊತ್ತಿರುವುದು ಹೆಂಗಸರಿಗೆ. ಆದ್ದರಿಂದ ಭಟ್ಕಳದಲ್ಲಿ ಅಲ್ಲಿನ ನವಾಯತಿ ಮಾತು ಬಲ್ಲ ಮಹಿಳಾ ಗಣತಿದಾರರಿಲ್ಲದ ತಂಡ ಹೊರಡದಿರುವುದೇ ಸರಿ.

ಹೋಲಿಕೆಗೆ ಊರು ಆರಿಸುವಾಗ ಪುಸ್ತಕದ ವಿಧಾನ ಎಡವುವುದು ನದಿಯ ದಡದಲ್ಲಿ. ಯೋಜನೆ ತಲುಪಿದ ಕುಮಟಾದ ಊರಿಗೆ ತಲುಪದ ಹೊನ್ನಾವರದ ಊರನ್ನು ಜೋಡಿ ಮಾಡುವುದು ಕಾಗದದಲ್ಲಿ ಸುಲಭ. ಜನಸಂಖ್ಯೆ, ಕಸುಬು ಎಲ್ಲ ಹೊಂದುತ್ತವೆ. ಆದರೆ ಹೊನ್ನಾವರದ ಶರಾವತಿಗೆ 1964ರ ಲಿಂಗನಮಕ್ಕಿ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿದುಬರುವುದರಿಂದ ಅದರ ಅಳಿವೆಯ ಉಪ್ಪು ತಗ್ಗಿದೆ. ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯ ಭರತದಲ್ಲಿ ಉಪ್ಪುನೀರು ಒಳನಾಡಿನತ್ತ ಏರುತ್ತದೆ. ಈ ಎರಡು ದಡಗಳ ಊರುಗಳನ್ನು ಹೋಲಿಸಿದರೆ ಯೋಜನೆಯ ಫಲದ ಜೊತೆ ನದಿಯ ಗುಣವೂ ಬೆರೆತು ಬರುತ್ತದೆ. ಒಂದೇ ನದಿಯ, ಒಂದೇ ದಡದ ಜೋಡಿ ಸಿಗದಿದ್ದರೆ ಹೋಲಿಕೆಯನ್ನೇ ಕೈಬಿಟ್ಟು, ಅದೇ ಊರಿನ ಹಿಂದಿನ ಬೇಸಿಗೆಗಳನ್ನು ವಿಚಾರಿಸುವುದು ಪ್ರಾಮಾಣಿಕ ದಾರಿ.

ನಲ್ಲಿ ಸರಿಯಾಗಿದ್ದೂ ಜನ ಬಾವಿಯ ನೀರನ್ನೇ ಕುಡಿಯುವ ಮನೆಗಳೂ ಇವೆ. ನಲ್ಲಿನೀರು ಬಟ್ಟೆ ಪಾತ್ರೆಗೆ, ಬಾವಿಯದು ಒಲೆಗೆ. ಇದನ್ನು "ಬಳಕೆಯಿಲ್ಲ" ಎಂಬ ಕಾಲಂಗೆ ತಳ್ಳುವುದು ತಪ್ಪು. ಬಾವಿ ಸವಳಾದ ತಿಂಗಳಲ್ಲಿ ಆ ಮನೆ ನಲ್ಲಿಗೆ ಮರಳುತ್ತದೆಯೇ ಎಂದು ಕೇಳಿದ ಮೇಲಷ್ಟೇ ತೀರ್ಪು.

ಕೊನೆಯದು ಕರಡು ವರದಿಯ ಸಭೆ. ಊರಿನ ಹೆಸರು, ಸಂಪರ್ಕಗಳ ಸಂಖ್ಯೆ, ಕಾಮಗಾರಿ ಮುಗಿದ ದಿನ ತಪ್ಪಾಗಿದ್ದರೆ ದಾಖಲೆ ನೋಡಿ ಅಲ್ಲೇ ತಿದ್ದಬೇಕು. ಇಲಾಖೆಯವರಿಗೆ ಇವು ಚೆನ್ನಾಗಿ ಗೊತ್ತಿರುತ್ತವೆ. ಮೇ ತಿಂಗಳ ಅಂಕಿಗಳನ್ನು ವರ್ಷದ ಸರಾಸರಿಗೆ ಸೇರಿಸಿಬಿಡಿ ಎಂಬ ಕೋರಿಕೆ ಬಂದರೆ ಒಪ್ಪುವಂತಿಲ್ಲ. ಎಂಟು ಕೊಡ ಮತ್ತು ಇಪ್ಪತ್ತು ಕೊಡ ಸೇರಿ ಹದಿನಾಲ್ಕಾದಾಗ, ಗುಡ್ಡದ ನೆತ್ತಿಯ ಆ ನಾಲ್ಕು ಮನೆಗಳು ವರದಿಯಿಂದ ಮಾಯವಾಗುತ್ತವೆ.