ದ್ರಾಕ್ಷಿ ಪಡದ ತಾಣಕ್ಕೆ ಬಂದುಹೋಗುವವರು

ಅಂತರ್ಜಾಲ ತಾಣಕ್ಕೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟ ತೆರೆದರು, ಎಷ್ಟು ಹೊತ್ತು ಇದ್ದು ಹೋದರು ಎಂದು ಲೆಕ್ಕ ಇಡುವ ಸಾಧನವೇ ಅನಲಿಟಿಕ್ಸ್. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಗೂಗಲ್ ಅನಲಿಟಿಕ್ಸ್ 2005ರ ನವೆಂಬರ್‌ನಲ್ಲಿ ಬಂತು. ಅದೇ ವರ್ಷ ಗೂಗಲ್ ಕೊಂಡುಕೊಂಡ ಅರ್ಚಿನ್ ಎಂಬ ಕಂಪನಿಯ ತಂತ್ರಾಂಶವೇ ಅದರ ಬುಡ. ಇಲ್ಲಿ ಬರೆದಿರುವ ಪಾಠಗಳು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿ ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗಾಗಿ ಈ ಲೇಖಕ ನಡೆಸಿದ ಒಂದು ಸಣ್ಣ ಕನ್ನಡ ತಾಣದಿಂದ ಕಲಿತವು. ಚಾಟ್ನಿ (ಬಳ್ಳಿ ಸವರುವುದು), ರೋಗ, ಔಷಧಿ, ಒಣದ್ರಾಕ್ಷಿ ಮಾಡುವ ಕ್ರಮ, ದರ, ಸಾಲ, ವಿಮೆ, ಇಷ್ಟೇ ಅದರ ಸರಕು.

ಸಾಧನ ಎಣಿಸುವುದು ಮನುಷ್ಯರನ್ನಲ್ಲ, ಬ್ರೌಸರುಗಳನ್ನು. ಪುಟ ತೆರೆದ ಮೊಬೈಲಿನಲ್ಲಿ ಒಂದು ಗುರುತಿನ ಸಂಖ್ಯೆ ಕೂರುತ್ತದೆ. ಮುಂದೆ ಅದೇ ಸಂಖ್ಯೆ ಮರಳಿ ಬಂದರೆ ಹಳಬ, ಇಲ್ಲದಿದ್ದರೆ ಹೊಸಬ. ತಂದೆ, ಮಗ, ಪಡ (ದ್ರಾಕ್ಷಿ ತೋಟ) ನೋಡಿಕೊಳ್ಳುವ ಆಳು ಮೂವರೂ ಒಂದೇ ಫೋನ್ ಬಳಸುವ ಮನೆ ವರದಿಯಲ್ಲಿ ಒಬ್ಬ ಬಳಕೆದಾರ. ಮೊಬೈಲಿನಲ್ಲೂ ಮನೆಯ ಕಂಪ್ಯೂಟರಿನಲ್ಲೂ ನೋಡುವ ಒಬ್ಬನೇ ಬೆಳೆಗಾರ ಇಬ್ಬರು. ಮೂವತ್ತು ನಿಮಿಷ ಸುಮ್ಮನಿದ್ದರೆ ಒಂದು ಭೇಟಿ ಮುಗಿದಂತೆ. ಹಾಗಾಗಿ ಬೆಳಿಗ್ಗೆ ಔಷಧಿ ಕಲಸುವ ಮುಂಚೆ ನೋಡಿ, ಮಧ್ಯಾಹ್ನ ಅದನ್ನೇ ಖಾತ್ರಿ ಮಾಡಿಕೊಂಡವನು ಎರಡು ಭೇಟಿಯ ಲೆಕ್ಕಕ್ಕೆ ಸೇರುತ್ತಾನೆ. ತಾಣ ಶುರುವಾದ ದಿನಗಳಲ್ಲಿ ಏರಿದ ಸಂಖ್ಯೆಯಲ್ಲಿ ಬಹುಪಾಲು ನಡೆಸುವವರ ಸ್ವಂತ ಫೋನಿನದೇ ಆಗಿತ್ತು. ಅದನ್ನು ಲೆಕ್ಕದಿಂದ ತೆಗೆಯುವ ವ್ಯವಸ್ಥೆ ಮಾಡಿದ ಮೇಲೆ ಉಳಿದದ್ದು ಸಣ್ಣ ಸಂಖ್ಯೆ, ಆದರೆ ನಂಬಬಹುದಾದದ್ದು.

ಊರಿನ ಹೆಸರು ತೋರಿಸುವ ವರದಿ ಮೊದಲು ದಾರಿ ತಪ್ಪಿಸಿತು. ಕಳ್ಳಕವಟಗಿಯ ಬೆಳೆಗಾರರಿಗೆಂದು ಬರೆದ ಪುಟಗಳನ್ನು ಬೆಂಗಳೂರಿನವರೇ ಹೆಚ್ಚು ಓದುತ್ತಿದ್ದಾರೆ ಎಂದು ಅದು ಹೇಳುತ್ತಿತ್ತು. ಅದನ್ನು ನಂಬಿ, ಪಟ್ಟಣದಲ್ಲಿ ಕೂತು ಒಣದ್ರಾಕ್ಷಿ ಕೊಳ್ಳುವವರಿಗಾಗಿ ಕೆಲವು ಪುಟ ಬರೆದದ್ದೂ ಆಯಿತು. ಅವನ್ನು ಯಾರೂ ತೆರೆಯಲಿಲ್ಲ. ಕಾರಣ ಆಮೇಲೆ ತಿಳಿಯಿತು. ಸಾಧನ ಊರನ್ನು ಊಹಿಸುವುದು ಐಪಿ ವಿಳಾಸದಿಂದ. ಮೊಬೈಲ್ ಕಂಪನಿಯ ಜಾಲ ಹೊರಜಗತ್ತಿಗೆ ತೆರೆದುಕೊಳ್ಳುವುದು ದೊಡ್ಡ ನಗರದಲ್ಲಿ. ಪಡದ ಸಾಲಿನ ನಡುವೆ ನಿಂತು ಫೋನ್ ನೋಡುವವನು ಹೀಗೆ ಬೆಂಗಳೂರಿಗನಾಗುತ್ತಾನೆ. ಹೆಸರಿನ ತೊಡಕೂ ಇದೆ. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲೊಂದು ವಿಜಯಪುರ, ಛತ್ತೀಸಗಡದಲ್ಲೊಂದು ಬಿಜಾಪುರ ಇವೆ. ಊರಿನ ವರದಿಯನ್ನು ರಾಜ್ಯದ ಮಟ್ಟದವರೆಗೆ ಮಾತ್ರ ನಂಬುವುದು ಒಳ್ಳೆಯದು.

ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ‘ಡೈರೆಕ್ಟ್’ ಎಂಬ ಉತ್ತರವೇ ಹೆಚ್ಚು ಕಾಣುತ್ತಿತ್ತು. ವಿಳಾಸವನ್ನು ಟೈಪ್ ಮಾಡಿ ಬಂದವರು ಎಂಬುದು ಅದರ ಮೇಲ್ನೋಟದ ಅರ್ಥ. ನಿಜದಲ್ಲಿ ಬಂದ ದಾರಿ ತಿಳಿಯದ ಎಲ್ಲರನ್ನೂ ಸಾಧನ ಅದೇ ಗೂಡಿಗೆ ತುಂಬುತ್ತದೆ, ವಾಟ್ಸ್‌ಆ್ಯಪ್‌ನಿಂದ ಬಂದವರಲ್ಲಿ ಬಹುತೇಕರು ಅಲ್ಲಿಗೇ ಸೇರುತ್ತಾರೆ. ಹಳ್ಳಿಯಲ್ಲಿ ಸುದ್ದಿ ಹರಿಯುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಲಿಂಕಿನ ಬಾಲಕ್ಕೆ ಯುಟಿಎಂ ಎಂಬ ಗುರುತು ಜೋಡಿಸಿ, ಬೆಳೆಗಾರರ ಗುಂಪಿಗೆ ಒಂದು, ಔಷಧಿ ಅಂಗಡಿಯವರಿಗೆ ಇನ್ನೊಂದು ಲಿಂಕ್ ಕಳಿಸಿದ ಮೇಲೆ ದಾರಿ ಬೇರೆಬೇರೆಯಾಗಿ ಕಂಡಿತು.

ಅತಿ ಹೆಚ್ಚು ಕಲಿಸಿದ್ದು ಒಣದ್ರಾಕ್ಷಿ ದ್ರಾವಣದ ಪುಟ. ಹಸಿ ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ಪದರವಿರುತ್ತದೆ. ಅದು ನೀರನ್ನು ಹೊರಗೆ ಬಿಡುವುದಿಲ್ಲ. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಈಥೈಲ್ ಓಲಿಯೇಟ್ ಬೆರೆಸಿ ಗೊನೆಗಳನ್ನು ಅದ್ದಿದರೆ ಆ ಪದರ ಸಡಿಲವಾಗಿ, ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹಣ್ಣು ಬೇಗ ಒಣಗುತ್ತದೆ. ಈ ಪುಟದ ಅಂಕಿ ನಿರಾಸೆ ತರುವಂತಿತ್ತು. ಬಂದವರು ಕ್ಷಣ ನಿಂತು ಹೋಗುತ್ತಿದ್ದರು. ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿಯಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತ, ಅಥವಾ ಎರಡು ಪುಟ ನೋಡಿದ, ಅಥವಾ ಮುಖ್ಯವೆಂದು ಗುರುತಿಸಿಟ್ಟ ಕೆಲಸ ಮಾಡಿದ ಭೇಟಿಗೆ ಮಾತ್ರ ‘ತೊಡಗಿಕೊಂಡ ಭೇಟಿ’ಯ ಮಾನ್ಯತೆ. ಉಳಿದವು ಬೌನ್ಸ್. ಪುಟದ ಶೇಕಡಾ ತೊಂಬತ್ತು ಭಾಗದವರೆಗೆ ಇಳಿದಾಗ ದಾಖಲಾಗುವ ಸ್ಕ್ರೋಲ್ ಎಣಿಕೆಯೂ ತೀರ ಕಡಿಮೆ. ಬರಹ ಯಾರಿಗೂ ಬೇಕಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಸುಲಭವಿತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಶೆಡ್ಡೊಂದರಲ್ಲಿ ಕಂಡದ್ದು ಬೇರೆಯೇ. ದ್ರಾವಣದ ಡ್ರಮ್ಮಿನ ಪಕ್ಕದ ಕಂಬಕ್ಕೆ ಒಂದು ಫೋನ್ ಒರಗಿಸಿಟ್ಟಿದ್ದರು. ಪರದೆಯ ಮೇಲೆ ಎಣ್ಣೆಗೈಯ ಗುರುತು. ಅದರಲ್ಲಿ ಇದ್ದದ್ದು ಇದೇ ತಾಣದ ಅಳತೆಯ ಪಟ್ಟಿ, ಸ್ಕ್ರೀನ್‌ಶಾಟ್ ರೂಪದಲ್ಲಿ. ಗುಂಪಿನಲ್ಲಿ ಯಾರೋ ಹಾಕಿದ್ದರು, ಅದು ಶೆಡ್ಡಿನಿಂದ ಶೆಡ್ಡಿಗೆ ದಾಟಿತ್ತು. ಅದನ್ನು ನೋಡುತ್ತಿದ್ದವರು ಯಾರೂ ತಾಣಕ್ಕೆ ಬಂದವರಲ್ಲ; ಬಂದ ಒಬ್ಬನೂ ಚಿತ್ರ ತೆಗೆದುಕೊಂಡು ಹೊರಟುಹೋದವನು. ವರದಿಯಲ್ಲಿ ಬೌನ್ಸ್ ಎಂದು ಬಿದ್ದ ಆ ಭೇಟಿ ತಾಣದ ಅತ್ಯಂತ ಉಪಯುಕ್ತ ಭೇಟಿ. ಆ ಪಟ್ಟಿ ಪುಟದ ಕೊನೆಯಲ್ಲಿತ್ತು, ಅದರ ಮೇಲೆ ಮೇಣದ ಪದರದ ಉದ್ದನೆಯ ವಿವರಣೆ. ಮರುದಿನವೇ ಅಳತೆ ಮೇಲಕ್ಕೆ ಬಂತು, ವಿವರಣೆ ಕೆಳಗಿಳಿಯಿತು, ಪಟ್ಟಿಯ ಕೆಳಗೆ ತಾಣದ ಹೆಸರು ಮತ್ತು ತಿದ್ದಿದ ದಿನಾಂಕ ಸೇರಿತು. ಭೇಟಿಯ ಸಮಯ ಇನ್ನೂ ಕಡಿಮೆಯಾಯಿತು. ಅಳತೆ ಕೇಳಿ ಬರುತ್ತಿದ್ದ ಫೋನ್ ಕರೆಗಳೂ ಕಡಿಮೆಯಾದವು. ಕೆಲಸದ ನಡುವೆ ನೋಡುವ ಪುಟಕ್ಕೆ ಕಡಿಮೆ ಸಮಯವೇ ಯಶಸ್ಸಿನ ಗುರುತು. ರೋಗದ ಲಕ್ಷಣ ವಿವರಿಸುವ ಪುಟಕ್ಕೆ ಹಾಗಲ್ಲ, ಅಲ್ಲಿ ಚಿತ್ರಗಳನ್ನು ಹೋಲಿಸಿ ನೋಡಬೇಕು, ನಿಲ್ಲಬೇಕು.

ಹುಡುಕುವ ಪದಗಳನ್ನು ತೋರಿಸುವುದು ಗೂಗಲ್‌ನ ಇನ್ನೊಂದು ಸಾಧನ, ಸರ್ಚ್ ಕನ್ಸೋಲ್. ತಾಣದಲ್ಲಿ ‘ಸವರುವಿಕೆ’ ಎಂಬ ಪುಸ್ತಕದ ಮಾತಿತ್ತು. ಆ ಪದ ಹುಡುಕಿ ಬಂದವರು ಕಾಣಲಿಲ್ಲ. ಬೆಳೆಗಾರರ ಬಾಯಲ್ಲಿ ಅದು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ. ಒಣದ್ರಾಕ್ಷಿಯನ್ನು ಮನೂಕ ಎಂದು ಹುಡುಕುವವರಿದ್ದರು. ಜತ್ತ, ಸಾಂಗಲಿ ಪಕ್ಕದಲ್ಲೇ ಇರುವುದರಿಂದ ಮರಾಠಿಯ ಬೇದಾಣಾ ಎಂಬ ಮಾತೂ ಬರುತ್ತಿತ್ತು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದವರೂ ಸಾಕಷ್ಟು. ಪುಟಗಳ ತಲೆಬರಹಕ್ಕೆ ಪಡದ ಮಾತು ಬಂದ ಮೇಲೆ ಹುಡುಕಿ ಬರುವವರು ಹೆಚ್ಚಿದರು. ಬಹಳ ಅಪರೂಪದ ಹುಡುಕಾಟಗಳನ್ನು ಖಾಸಗಿತನದ ಕಾರಣಕ್ಕೆ ಈ ಸಾಧನ ಮುಚ್ಚಿಡುತ್ತದೆ. ಸಣ್ಣ ಕನ್ನಡ ತಾಣಕ್ಕೆ ಹೀಗೆ ಕಾಣದೆ ಹೋಗುವ ಭಾಗ ದೊಡ್ಡದು. ಕನ್ನಡದಲ್ಲೇ ಪುಟದ ವಿಳಾಸ ಇಡುವುದರಲ್ಲಿ ಇನ್ನೊಂದು ಕಷ್ಟವಿದೆ. ಪ್ರತಿ ಸಂಕೇತಕ್ಕೂ ಒಂಬತ್ತು ಚಿಹ್ನೆಗಳ ಸರಪಳಿ ಬೀಳುವುದರಿಂದ ‘ಕಳ್ಳಕವಟಗಿ’ ಎಂಬ ಒಂದು ಪದ 81 ಚಿಹ್ನೆಗಳಾಗಿ ವರದಿಯಲ್ಲಿ ಕೂರುತ್ತದೆ, ಯಾವ ಪುಟ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಪುಟದ ಶೀರ್ಷಿಕೆಯ ಪ್ರಕಾರ ವರದಿ ತೆರೆದರೆ ಕನ್ನಡ ಕನ್ನಡವಾಗಿಯೇ ಸಿಗುತ್ತದೆ.

ದ್ರಾಕ್ಷಿಯ ತಾಣಕ್ಕೆ ಋತುವಿದೆ. ಅಕ್ಟೋಬರ್ ಚಾಟ್ನಿಯ ನಂತರ ಮೋಡ ಕಟ್ಟಿದ ವಾರ ರೋಗದ ಪುಟಗಳಿಗೆ ಜನ ನುಗ್ಗುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾವಣ, ಶೆಡ್ಡು, ದರ. ಮಳೆಗಾಲದಲ್ಲಿ ತಾಣ ಬಿಕೋ ಎನ್ನುತ್ತದೆ. ಮಾರ್ಚ್ ಅನ್ನು ಜೂನ್ ಜತೆ ಹೋಲಿಸಿದರೆ ತಾಣ ಮುಳುಗಿದಂತೆ ಕಾಣುತ್ತದೆ. ಹಿಂದಿನ ವರ್ಷದ ಅದೇ ತಿಂಗಳೇ ಸರಿಯಾದ ಹೋಲಿಕೆ. ಅದಕ್ಕೆ ಹಳೆಯ ಲೆಕ್ಕ ಉಳಿದಿರಬೇಕು. ಹಳೆಯ ಗೂಗಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಲೆಕ್ಕ ನಿಲ್ಲಿಸಿತು, ಹೊಸದರಲ್ಲಿ ಬಳಕೆದಾರರ ವಿವರವಾದ ದತ್ತಾಂಶ ತಾನಾಗಿ ಉಳಿಯುವುದು ಎರಡು ತಿಂಗಳು ಮಾತ್ರ. ಅದನ್ನು ಹದಿನಾಲ್ಕಕ್ಕೆ ಏರಿಸುವ ಆಯ್ಕೆ ಇದೆ ಎಂಬುದು ತಡವಾಗಿ ಗೊತ್ತಾಗಿ, ಒಂದು ಇಡೀ ಹಂಗಾಮಿನ ವಿವರ ಹೋಯಿತು. ಆಮೇಲೆ ಪ್ರತಿ ತಿಂಗಳ ಮುಖ್ಯ ಅಂಕಿಗಳು ಒಂದು ನೋಟ್‌ಬುಕ್ಕಿಗೆ ಹೋದವು, ಪಕ್ಕದಲ್ಲೇ ಆ ತಿಂಗಳ ಮಳೆ, ಮೋಡ, ರೋಗದ ಟಿಪ್ಪಣಿ.

ಸಣ್ಣ ಊರಿನ ತಾಣಕ್ಕೆ ಖಾಸಗಿತನದ ಹೊಣೆ ಹೆಚ್ಚು. ನಗರದ ತಾಣದಲ್ಲಿ ಒಬ್ಬ ಬಳಕೆದಾರ ಗುಂಪಿನಲ್ಲಿ ಕರಗಿಹೋಗುತ್ತಾನೆ. ಇಲ್ಲಿ ರಾತ್ರಿ ಒಂದು ಗಂಟೆಗೆ ಸಾಲದ ಪುಟ ತೆರೆದವರು ಯಾರೆಂದು ಊಹಿಸಲು ಸಾಧ್ಯ, ಏಕೆಂದರೆ ಹಿಂದಿನ ಸಂಜೆ ಲಿಂಕ್ ಕೇಳಿದವರು ಒಬ್ಬರೇ. ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆಗೂ ಮುಂಚಿನ ಮಾತು ಊರಿನವರ ವಿಶ್ವಾಸದ್ದು. ಹೆಸರು, ಫೋನ್ ಸಂಖ್ಯೆ ಪುಟದ ವಿಳಾಸದಲ್ಲಿ ಸೇರದಂತೆ ಅರ್ಜಿಯ ನಮೂನೆ ಬದಲಾಯಿತು. ಒಬ್ಬೊಬ್ಬರಿಗೆ ಬೇರೆಬೇರೆ ಗುರುತಿನ ಲಿಂಕ್ ಕಳಿಸುವ ಯೋಚನೆಯನ್ನು ಕೈಬಿಡಲಾಯಿತು. ಸಾಲ ಮತ್ತು ವಿಮೆಯ ಪುಟಗಳಿಂದ ಅನಲಿಟಿಕ್ಸ್‌ನ ಸಾಲುಗಳನ್ನೇ ತೆಗೆದುಹಾಕಲಾಯಿತು. ಆ ಎರಡು ಪುಟಗಳಿಗೆ ಯಾರು ಬರುತ್ತಾರೆ ಎಂಬ ಲೆಕ್ಕ ಈಗ ಎಲ್ಲಿಯೂ ಇಲ್ಲ.