ಮ್ಯೂನಿಕ್ಕೋ, ಬರ್ಲಿನ್ನೋ, ಲೈಪ್‌ಜಿಗ್ಗೋ: ಆಫರ್‌ಗೆ ಸಹಿ ಹಾಕುವ ಮುನ್ನ

ಬೆಂಗಳೂರಿನಿಂದ ಜರ್ಮನಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರಿಗೆ ಮೊದಲ ಊರನ್ನು ಗೊತ್ತುಮಾಡುವುದು ಕಂಪನಿ. ಬಾಷ್‌ನವರು ಸ್ಟುಟ್‌ಗಾರ್ಟ್ ಸುತ್ತಮುತ್ತ, ಎಸ್‌ಎಪಿಯವರು ವಾಲ್‌ಡಾರ್ಫ್ ಕಡೆ, ಸೀಮೆನ್ಸ್‌ನವರು ಎರ್ಲಾಂಗೆನ್‌ಗೋ ಮ್ಯೂನಿಕ್‌ಗೋ ಬಂದು ಇಳಿಯುತ್ತಾರೆ. ಎರಡನೆಯ ಊರನ್ನು ಆರಿಸುವ ಹೊತ್ತಿಗೆ ಲೆಕ್ಕ ನಮ್ಮ ಕೈಗೆ ಬರುತ್ತದೆ. ಆಗ ಇಲ್ಲಿನ ಕನ್ನಡ ಕೂಟದವರನ್ನು ಕೇಳುವ ಪ್ರಶ್ನೆ ಹೀಗಿರುತ್ತದೆ: “ಮ್ಯೂನಿಕ್‌ನಲ್ಲಿ ವರ್ಷಕ್ಕೆ ಎಂಟು ಸಾವಿರ ಯೂರೋ ಜಾಸ್ತಿ ಕೊಡ್ತಾರಂತೆ, ಬರ್ಲಿನ್ ಬಿಟ್ಟು ಹೋಗಬಹುದಾ?”

ಮೊದಲು ಆ ಎಂಟು ಸಾವಿರವನ್ನೇ ನೋಡಿ. ಸಾಮಾನ್ಯ ಐಟಿ ಸಂಬಳದ ಮಟ್ಟದಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಕೈಗೆ ಬರುವುದು ಅದರ ಅರ್ಧ, ಅಥವಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ 350ರಿಂದ 400 ಯೂರೋ ಎಂದಿಟ್ಟುಕೊಳ್ಳಿ. ಊರು ಬದಲಿಸಿದರೆ ಈ ಹಣ ಉಳಿಯುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ಹಾಲು, ಅಕ್ಕಿ, ಬಸ್ಸಿನ ಬೆಲೆಗಳ ಪಟ್ಟಿ ಮಾಡುತ್ತ ಕೂರಬೇಡಿ. ಈ ದೇಶದಲ್ಲಿ ಊರಿಂದ ಊರಿಗೆ ನಿಜಕ್ಕೂ ಬದಲಾಗುವ ದೊಡ್ಡ ಖರ್ಚು ಎರಡೇ: ಮನೆ ಬಾಡಿಗೆ ಮತ್ತು ಮಗುವಿನ ಕಿಟಾ, ಅಂದರೆ ಶಿಶುವಿಹಾರ.

ಉಳಿದದ್ದು ಬಹುಮಟ್ಟಿಗೆ ಎಲ್ಲ ಕಡೆ ಒಂದೇ. ಆದಾಯ ತೆರಿಗೆಯ ದರ ದೇಶಕ್ಕೆಲ್ಲ ಒಂದು. ಆಲ್ಡಿ, ಲಿಡ್ಲ್ ಅಂಗಡಿಗಳಲ್ಲಿ ಹಾಲು, ಗೋಧಿಹಿಟ್ಟು, ಮೊಸರಿನ ಬೆಲೆ ಮ್ಯೂನಿಕ್‌ನಲ್ಲೂ ಲೈಪ್‌ಜಿಗ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೋನಾ ಮಸೂರಿ, ತೊಗರಿಬೇಳೆ, ಸಾರಿನ ಪುಡಿಗೆ ಪಕ್ಕದಲ್ಲಿ ಇಂಡಿಯನ್ ಅಂಗಡಿ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಂಡರಾಯಿತು. ಟಿವಿ-ರೇಡಿಯೋ ಶುಲ್ಕ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಬಸ್ಸು-ರೈಲಿನ ತಿಂಗಳ ಪಾಸು 2026ರ ಜನವರಿಯಿಂದ 63 ಆಗಿದೆ, ಅದೂ ದೇಶಕ್ಕೆಲ್ಲ ಒಂದೇ ದರ. ಸರ್ಕಾರ ಕೊಡುವ ಮಕ್ಕಳ ಭತ್ಯೆ ಕಿಂಡರ್‌ಗೆಲ್ಡ್ ಸಹ ಹಾಗೆಯೇ, 2026ರಿಂದ ಮಗುವೊಂದಕ್ಕೆ ತಿಂಗಳಿಗೆ 259 ಯೂರೋ. ಲೈಪ್‌ಜಿಗ್, ಡ್ರೆಸ್ಡೆನ್‌ಗೆ ಹೋಗುವವರಿಗೆ ಒಂದು ಸಣ್ಣ ಸಂಗತಿ: ಉಳಿದ ರಾಜ್ಯಗಳು ಕೈಬಿಟ್ಟ ನವೆಂಬರ್‌ನ ಪ್ರಾರ್ಥನಾ ದಿನದ ರಜೆಯನ್ನು ಸ್ಯಾಕ್ಸನಿ ಮಾತ್ರ ಉಳಿಸಿಕೊಂಡಿದೆ, ಅದಕ್ಕೆ ಬದಲಾಗಿ ಅಲ್ಲಿನ ನೌಕರರು ಆರೈಕೆ ವಿಮೆಗೆ ಶೇಕಡಾ ಅರ್ಧ ಹೆಚ್ಚು ಕಟ್ಟುತ್ತಾರೆ. 4,000 ಯೂರೋ ಸಂಬಳಕ್ಕೆ 20 ಯೂರೋ. ಅದರಿಂದ ನಿಮ್ಮ ತೀರ್ಮಾನವೇನೂ ಬದಲಾಗಬೇಕಿಲ್ಲ.

ಇನ್ನು ಬಾಡಿಗೆ. ಇಲ್ಲಿಯೇ ಹೊಸಬರು ಎಡವುವುದು, ಅದೂ ಸರಿಯಾದ ಅಂಕಿಗಳನ್ನೇ ನೋಡಿ ಎಡವುವುದು. ಊರಿನ ಸರಾಸರಿ ಬಾಡಿಗೆಯನ್ನು ಹೇಳುವ ಮೀಟ್‌ಶ್ಪೀಗೆಲ್ ಎಂಬ ಅಧಿಕೃತ ಪಟ್ಟಿ ಇರುತ್ತದೆ. ಮ್ಯೂನಿಕ್‌ನ 2025ರ ಪಟ್ಟಿಯಲ್ಲಿ ಸರಾಸರಿ ಚದರ ಮೀಟರಿಗೆ 15.38 ಯೂರೋ, ಬರ್ಲಿನ್‌ನ 2024ರ ಪಟ್ಟಿಯಲ್ಲಿ 7.21. ಎಪ್ಪತ್ತೈದು ಚದರ ಮೀಟರ್ ಮನೆಗೆ ಮ್ಯೂನಿಕ್‌ನಲ್ಲಿ 1,153, ಬರ್ಲಿನ್‌ನಲ್ಲಿ 541 ಎಂದಾಯಿತು. ಇದನ್ನು ಓದಿ ಬರ್ಲಿನ್‌ಗೆ ಹೊರಟವರಿಗೆ ಅಲ್ಲಿ ಆ ಬೆಲೆಗೆ ಮನೆ ಸಿಗುವುದಿಲ್ಲ. ಏಕೆಂದರೆ ಆ ಪಟ್ಟಿಯಲ್ಲಿ ಎಷ್ಟೋ ವರ್ಷಗಳಿಂದ ಅದೇ ಮನೆಯಲ್ಲಿರುವವರ ಹಳೆಯ ಬಾಡಿಗೆಗಳೂ ಸೇರಿರುತ್ತವೆ. ಜರ್ಮನಿಯಲ್ಲಿ ಬಾಡಿಗೆದಾರನನ್ನು ಸುಲಭಕ್ಕೆ ಎಬ್ಬಿಸುವಂತಿಲ್ಲ, ಬಾಡಿಗೆಯನ್ನು ಮನಬಂದಂತೆ ಏರಿಸುವಂತೆಯೂ ಇಲ್ಲ. ಹಾಗಾಗಿ ಹಳಬರು ಕಡಿಮೆ ಬಾಡಿಗೆಯಲ್ಲಿ ನೆಮ್ಮದಿಯಾಗಿರುತ್ತಾರೆ, ಇಂದು ಖಾಲಿಯಾದ ಮನೆಗೆ ಹೊಸಬರು ಇಂದಿನ ಬೆಲೆ ಕೊಡುತ್ತಾರೆ. ಈ ಅಂತರ ಬರ್ಲಿನ್‌ನಲ್ಲಿ ಬಹಳ ದೊಡ್ಡದು. ಆದ್ದರಿಂದ ಸರಾಸರಿಯನ್ನು ಬಿಟ್ಟು, ನಿಮಗೆ ಬೇಕಾದ ಬಡಾವಣೆಯಲ್ಲಿ ಈ ವಾರ ಜಾಹೀರಾತಿಗೆ ಬಂದಿರುವ ಇಪ್ಪತ್ತು ಮನೆಗಳ ಬೆಲೆ ಬರೆದುಕೊಳ್ಳಿ. ನಿಮ್ಮ ಪಾಲಿಗೆ ಊರಿನ ಬಾಡಿಗೆ ಅಂದರೆ ಅದೇ.

ಹಾಗೆ ಬರೆದುಕೊಳ್ಳುವಾಗ ಜಾಹೀರಾತನ್ನು ಪೂರ್ತಿ ಓದಬೇಕು. ಉದಾಹರಣೆಗೆ ಮೂರು ಕೋಣೆಯ ಮನೆ, ಕಾಲ್ಟ್‌ಮೀಟೆ (ಬರೀ ಮನೆಯ ಬಾಡಿಗೆ) 1,450, ನೇಬೆನ್‌ಕೋಸ್ಟೆನ್ (ಇತರ ಖರ್ಚು) 250, ಅಡುಗೆಮನೆಯ ಕಪಾಟು-ಒಲೆಗಳನ್ನು ಹಿಂದಿನವರಿಂದ 4,000ಕ್ಕೆ ಕೊಳ್ಳಬೇಕು ಎಂದಿದೆ ಎನ್ನೋಣ. ತಿಂಗಳ ಬಾಡಿಗೆ 1,700. ಡೆಪಾಸಿಟ್ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ, ಅಂದರೆ 4,350. ಮೊದಲ ತಿಂಗಳ ಬಾಡಿಗೆ, ಡೆಪಾಸಿಟ್, ಅಡುಗೆಮನೆ ಸೇರಿ ಹತ್ತು ಸಾವಿರ ಯೂರೋ ದಾಟಿತು, ಇನ್ನೂ ಒಂದು ಮಂಚ ಬಂದಿಲ್ಲ. ನಮ್ಮ ಬೆಂಗಳೂರಿನಲ್ಲಿ ಖಾಲಿ ಮನೆ ಅಂದರೂ ಅಡುಗೆಮನೆಯಲ್ಲಿ ಕಟ್ಟೆ, ಸಿಂಕ್ ಇರುತ್ತವೆ. ಇಲ್ಲಿ ಬರೀ ಗೋಡೆ, ನೀರಿನ ಪೈಪು ಬಿಟ್ಟು ಹೋಗಿರಬಹುದು. ಡೆಪಾಸಿಟ್ಟನ್ನು ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ, ಕೇಳಲು ಸಂಕೋಚ ಬೇಡ. ಮನೆ ಮಾಲೀಕನೇ ಬ್ರೋಕರ್ ಇಟ್ಟಿದ್ದರೆ ಕಮಿಷನ್ ಅವನದು, 2015ರ ಜೂನ್‌ನಿಂದ ಅದು ನಿಯಮ. ಅಂಥ ಬ್ರೋಕರ್ ನಿಮ್ಮಿಂದ ಹಣ ಕೇಳಿದರೆ ಕೊಡಬೇಡಿ.

ನೇಬೆನ್‌ಕೋಸ್ಟೆನ್‌ನಲ್ಲಿ ನೀರು, ಕಸ, ಮೆಟ್ಟಿಲು ತೊಳೆಯುವುದು, ಸಾಮಾನ್ಯವಾಗಿ ಹೀಟಿಂಗ್ ಸೇರಿರುತ್ತವೆ. ಆದರೆ ಅದು ಮುಂಗಡ ಅಷ್ಟೇ, ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ. ಜಾಹೀರಾತಿನಲ್ಲಿ ಮನೆ ಅಗ್ಗವಾಗಿ ಕಾಣಲಿ ಎಂದು ಮುಂಗಡವನ್ನು ಕಡಿಮೆ ತೋರಿಸುವುದುಂಟು, ಚಳಿಗಾಲದ ಗ್ಯಾಸ್ ಬಿಲ್ಲು ಆಮೇಲೆ ಒಟ್ಟಿಗೆ ಬರುತ್ತದೆ. ಹೋದ ವರ್ಷದ ಲೆಕ್ಕದ ಹಾಳೆ ತೋರಿಸಿ ಎಂದು ಕೇಳಿ. ಮನೆ ನೋಡಲು ಹೋದಾಗ ಕಟ್ಟಡದ ಎನರ್ಜಿ ಪ್ರಮಾಣಪತ್ರ ತೋರಿಸುವುದು ಮಾಲೀಕನ ಕರ್ತವ್ಯ. ಅದರಲ್ಲಿ ತೀರ ಕೆಳಗಿನ ದರ್ಜೆಗಳಾದ ಜಿ ಅಥವಾ ಎಚ್ ಇದ್ದರೆ ಆ ಮನೆಯ ಬಾಡಿಗೆಗೆ ಮನಸ್ಸಿನಲ್ಲೇ ಇನ್ನಷ್ಟು ಸೇರಿಸಿಕೊಳ್ಳಿ. ನೇಬೆನ್‌ಕೋಸ್ಟೆನ್‌ನ ವಾರ್ಷಿಕ ಲೆಕ್ಕ ಕೊಡಲು ಮಾಲೀಕನಿಗೆ ಆ ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳ ಗಡುವು. ತನ್ನದೇ ತಪ್ಪಿನಿಂದ ಅದನ್ನು ಮೀರಿದರೆ ಹೆಚ್ಚುವರಿ ಹಣ ಕೇಳುವ ಹಕ್ಕು ಅವನಿಗಿಲ್ಲ.

ಕಿಟಾದ ವಿಷಯದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ಹಲವು ಕಡೆ ಒಂದೊಂದು ಊರಿಗೂ ಬೇರೆ. ಬರ್ಲಿನ್‌ನಲ್ಲಿ 2018ರ ಆಗಸ್ಟ್‌ನಿಂದ ಎಲ್ಲ ವಯಸ್ಸಿನ ಮಕ್ಕಳಿಗೂ ಶುಲ್ಕವಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ. ಹ್ಯಾಂಬರ್ಗ್‌ನಲ್ಲಿ ದಿನಕ್ಕೆ ಐದು ಗಂಟೆ ಊಟದ ಸಮೇತ ಉಚಿತ. ಹೆಸ್ಸೆನ್‌ನಲ್ಲಿ ಮೂರು ವರ್ಷ ತುಂಬಿದ ಮೇಲೆ ಆರು ಗಂಟೆ ಉಚಿತ. ನಾರ್ಥ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಶಾಲೆಗೆ ಮುಂಚಿನ ಎರಡು ವರ್ಷ ಶುಲ್ಕವಿಲ್ಲ, ಅದಕ್ಕೆ ಮೊದಲು ಸಾಮಾನ್ಯವಾಗಿ ತಂದೆತಾಯಿಯ ಆದಾಯ ನೋಡಿ ನಗರಸಭೆ ಶುಲ್ಕ ನಿಗದಿ ಮಾಡುತ್ತದೆ. ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ಪಟ್ಟಿಯ ಮೇಲ್ತುದಿಗೇ ಹೋಗಿ ನಿಲ್ಲುತ್ತೀರಿ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ರಾಜ್ಯಕ್ಕೆಲ್ಲ ಅನ್ವಯಿಸುವ ವಿನಾಯಿತಿ ಇಲ್ಲ, ಸ್ಟುಟ್‌ಗಾರ್ಟ್ ಸುತ್ತ ಇರುವವರು ತಮ್ಮ ಊರಿನ ಪಟ್ಟಿಯನ್ನೇ ತೆಗೆದು ನೋಡಬೇಕು.

ಇದರ ಪರಿಣಾಮ ಎಷ್ಟು ವಿಚಿತ್ರವೆಂದರೆ, ಮಾನ್‌ಹೈಮ್ ಮತ್ತು ಲುಡ್‌ವಿಗ್ಸ್‌ಹಾಫೆನ್ ನಡುವೆ ಇರುವುದು ರೈನ್ ನದಿ ಮಾತ್ರ, ಟ್ರಾಮ್ ಹತ್ತಿ ಸೇತುವೆ ದಾಟಿದರೆ ಆಯಿತು. ಆದರೆ ಮಾನ್‌ಹೈಮ್ ಇರುವುದು ಬಾಡೆನ್-ವುರ್ಟೆಂಬರ್ಗ್‌ನಲ್ಲಿ, ಲುಡ್‌ವಿಗ್ಸ್‌ಹಾಫೆನ್ ಇರುವ ಆಚೆ ದಡ ರೈನ್‌ಲ್ಯಾಂಡ್-ಪ್ಯಾಲಟಿನೇಟ್ ರಾಜ್ಯ, ಅಲ್ಲಿ ಎರಡು ವರ್ಷ ತುಂಬಿದ ಮಗುವಿಗೆ ಕಿಟಾ ಶುಲ್ಕವಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುವವರು ಅದೇ ರಾಜ್ಯದ ಮೈಂಟ್ಸ್‌ನಲ್ಲಿ ಮನೆ ಮಾಡಿದರೂ ಇದೇ ಅನುಕೂಲ.

ಶುಲ್ಕಕ್ಕಿಂತ ದೊಡ್ಡ ಪ್ರಶ್ನೆ ಜಾಗದ್ದು. 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಪಡೆಯುವ ಕಾನೂನಿನ ಹಕ್ಕಿದೆ, ಆದರೂ ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಜಾಗ ಸಿಗದಿದ್ದರೆ ತಂದೆತಾಯಿಯಲ್ಲಿ ಒಬ್ಬರು ಮನೆಯಲ್ಲೇ ಉಳಿಯುತ್ತಾರೆ, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಅದು ತಾಯಿ. ಒಂದು ಪೂರ್ತಿ ಸಂಬಳ ನಿಂತುಹೋಗುವುದಕ್ಕಿಂತ ದುಬಾರಿ ಖರ್ಚು ಯಾವ ಊರಿನಲ್ಲೂ ಇಲ್ಲ. ಆಕೆಯ ವೃತ್ತಿಗೆ ಬೀಳುವ ಪೆಟ್ಟಂತೂ ಲೆಕ್ಕದ ಹಾಳೆಯಲ್ಲಿ ಕಾಣುವುದೇ ಇಲ್ಲ. ಪೂರ್ವ ಜರ್ಮನಿಯಲ್ಲಿ ಕಿಟಾ ವ್ಯವಸ್ಥೆ ಹಿಂದಿನಿಂದಲೂ ಗಟ್ಟಿ, ಈಚೆಗೆ ಜನನಗಳೂ ಇಳಿದು ಲೈಪ್‌ಜಿಗ್‌ನಂಥ ಕಡೆ ಜಾಗ ಸಿಗುವುದು ಸುಲಭವಾಗಿದೆ. ಪುಟ್ಟ ಮಕ್ಕಳಿರುವ, ಇಬ್ಬರೂ ದುಡಿಯಬೇಕೆಂದಿರುವ ಕುಟುಂಬಕ್ಕೆ ಇಷ್ಟೇ ಕಾರಣಕ್ಕೆ ಲೈಪ್‌ಜಿಗ್‌ನ ಕಡಿಮೆ ಸಂಬಳ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಜರ್ಮನ್ ಬಾರದ ಸಂಗಾತಿಗೆ ಇಂಗ್ಲಿಷ್‌ನಲ್ಲಿ ಕೆಲಸ ಬೇಕಿದ್ದರೆ ಮಾತ್ರ ಬರ್ಲಿನ್ ಮೇಲು. ಶುಲ್ಕ ಕಟ್ಟುವವರು ರಸೀದಿಗಳನ್ನು ಜೋಪಾನವಾಗಿಡಿ: 2025ರಿಂದ ಶುಲ್ಕದ ಶೇಕಡಾ 80ರಷ್ಟನ್ನು, ಮಗುವಿಗೆ ವರ್ಷಕ್ಕೆ 4,800 ಯೂರೋವರೆಗೆ, ತೆರಿಗೆ ಲೆಕ್ಕದಲ್ಲಿ ಕಳೆಯಬಹುದು.

ಮ್ಯೂನಿಕ್ ಕೆಲಸ ಬಿಡಲಾಗದು ಅನ್ನುವವರು ಔಗ್ಸ್‌ಬುರ್ಗ್‌ನಂಥ ಊರಿನಲ್ಲಿ ಇದ್ದು ಓಡಾಡುವುದುಂಟು. ಡಾಯ್ಚ್‌ಲಾಂಡ್ ಟಿಕೆಟ್ ರೀಜನಲ್ ರೈಲಿಗೆ ನಡೆಯುತ್ತದೆ, ಐಸಿಇ ಎಂಬ ವೇಗದ ರೈಲಿಗೆ ನಡೆಯದು. ವಾರಕ್ಕೆ ಎರಡು ದಿನ ಆಫೀಸಾದರೆ ಇದು ಒಳ್ಳೆಯ ದಾರಿ, ಐದು ದಿನವಾದರೆ ಸಂಜೆ ಕಿಟಾ ಮುಚ್ಚುವ ಮುಂಚೆ ಮಗುವನ್ನು ಕರೆತರುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ.

ಅಪ್ಪ-ಅಮ್ಮ ಊರಿನಿಂದ ಬಂದು ಹೋಗುವುದೂ ನಮ್ಮ ಬಜೆಟ್ಟಿನ ಭಾಗವೇ. ಬೆಂಗಳೂರಿಗೆ ನೇರ ವಿಮಾನ ಇರುವುದು ಫ್ರಾಂಕ್‌ಫರ್ಟ್‌ನಿಂದ, 2023ರ ನವೆಂಬರ್‌ನಿಂದ ಮ್ಯೂನಿಕ್‌ನಿಂದಲೂ. ಒಬ್ಬರೇ ಪ್ರಯಾಣ ಮಾಡುವ ಹಿರಿಯರಿಗೆ ನಡುವೆ ವಿಮಾನ ಬದಲಿಸುವ ತಾಪತ್ರಯ ತಪ್ಪಿದರೆ, ಅದಕ್ಕಾಗಿ ಕೊಟ್ಟ ಹಣ ನಷ್ಟವೆಂದು ನನಗೆ ಅನಿಸಿಲ್ಲ.

ಊರು ಬದಲಿಸುವುದಕ್ಕೇ ತಗಲುವ ಖರ್ಚೂ ಇದೆ. ಹಳೆಯ ಮನೆಗೆ ಮೂರು ತಿಂಗಳ ನೋಟಿಸ್ ಕೊಡಬೇಕು. ಕರಾರಿನಲ್ಲಿ ಇಂತಿಷ್ಟು ವರ್ಷ ಬಿಡುವಂತಿಲ್ಲ ಎಂಬ ಷರತ್ತಿದ್ದರೆ ಅಷ್ಟು ದಿನ ಕಟ್ಟಿಹಾಕಿದಂತೆಯೇ. ಹೀಗಾಗಿ ಒಂದೆರಡು ತಿಂಗಳು ಎರಡು ಬಾಡಿಗೆ ಬೀಳುವುದು ಸಾಮಾನ್ಯ, ಕೆಲಸದ ಮಾತುಕತೆಯಲ್ಲೇ ಸ್ಥಳಾಂತರದ ಭತ್ಯೆ ಕೇಳಿ. ಹೊಸ ಮನೆಯ ಕೀ ಕೈಗೆ ಬಂದ ದಿನವೇ ಕರೆಂಟ್ ಮೀಟರಿನ ಫೋಟೋ ತೆಗೆದಿಟ್ಟು, ನೀವೇ ಒಂದು ಕಂಪನಿ ಆರಿಸಿ. ಆರಿಸದಿದ್ದರೆ ಊರಿನ ಮೂಲ ಸರಬರಾಜುದಾರನ ದರ ತಾನಾಗಿ ಅನ್ವಯವಾಗುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ಎರಡು ವಾರದ ನೋಟಿಸ್ ಕೊಟ್ಟರೆ ಅದರಿಂದ ಹೊರಬರಬಹುದು.