ನೀರು ಸೋಸುವ ದೈತ್ಯ ಮರುವಾಯಿ

ಮೀನು ಮಾರುಕಟ್ಟೆಯಲ್ಲಿ ಮರುವಾಯಿಯನ್ನು ನಾವೆಲ್ಲ ನೋಡಿದ್ದೇವೆ. ಎರಡು ಚಿಪ್ಪಿನ ಈ ಮೃದ್ವಂಗಿಯ ದೊಡ್ಡ ಬಂಧುವೇ ದೈತ್ಯ ಮರುವಾಯಿ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ಅದರ ವಾಸ. ಅತಿ ದೊಡ್ಡ ಪ್ರಭೇದವಾದ ಟ್ರೈಡಾಕ್ನಾ ಗಿಗಾಸ್ 1 ಮೀಟರಿಗಿಂತ ಉದ್ದ ಬೆಳೆದು, 200 ಕಿಲೋಗ್ರಾಂಗಿಂತ ಹೆಚ್ಚು ತೂಗಬಲ್ಲದು. ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಸಾಮಾನ್ಯವಾಗಿ ಇದರ ಚಿಕ್ಕ ಪ್ರಭೇದಗಳನ್ನು ಸಾಕುತ್ತಾರೆ. ಇದೊಂದಿದ್ದರೆ ಬೇರೆ ಫಿಲ್ಟರ್ ಬೇಡ ಎನ್ನುವವರಿದ್ದಾರೆ. ಅದು ನಿಜವೇ?

ಮೊದಲು ಜೀವಶಾಸ್ತ್ರದ ಪಾಠದಲ್ಲಿ ಕಲಿತ ಸಾರಜನಕ ಚಕ್ರವನ್ನು ನೆನಪಿಸಿಕೊಳ್ಳೋಣ. ಮೀನುಗಳು ವಿಸರ್ಜಿಸುವ ಅಮೋನಿಯ ವಿಷಕಾರಿ. ನೈಟ್ರೊಸೊಮೊನಾಸ್‌ನಂತಹ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಇನ್ನೊಂದು ಗುಂಪಿನ ಬ್ಯಾಕ್ಟೀರಿಯಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ನೈಟ್ರೇಟ್ ತೊಟ್ಟಿಯಲ್ಲೇ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದಲೇ ಆಗಾಗ ನೀರು ಬದಲಿಸಬೇಕು.

ದೈತ್ಯ ಮರುವಾಯಿ ಇಲ್ಲಿ ಎರಡು ರೀತಿಯಲ್ಲಿ ನೆರವಾಗುತ್ತದೆ.

1. ನೀರನ್ನು ಒಳಗೆಳೆದು, ಕಿವಿರುಗಳಿಂದ ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ತಿನ್ನುತ್ತದೆ.

2. ಮ್ಯಾಂಟಲ್ ಎಂಬ ಬಣ್ಣಬಣ್ಣದ ಮೃದು ಅಂಚಿನಲ್ಲಿ ಅಸಂಖ್ಯ ಏಕಕೋಶ ಪಾಚಿಗಳಿಗೆ ಆಶ್ರಯ ಕೊಡುತ್ತದೆ. ಇದು ಸಹಜೀವನ. ಪಾಚಿಗಳು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಆಹಾರವನ್ನು ಮರುವಾಯಿಗೆ ಕೊಡುತ್ತವೆ. ಮರುವಾಯಿ ನೀರಿನಿಂದ ಹೀರಿದ ಅಮೋನಿಯ, ನೈಟ್ರೇಟ್‌ಗಳು ಪಾಚಿಗಳಿಗೆ ಗೊಬ್ಬರ.

ಆದರೆ ಒಂದು ವಿಷಯ ಗಮನಿಸಿ. ಹೀರಿದ ಸಾರಜನಕ ಎಲ್ಲಿಗೂ ಮಾಯವಾಗುವುದಿಲ್ಲ, ಮರುವಾಯಿಯ ದೇಹದಲ್ಲೇ ಸೇರುತ್ತದೆ. ಅದು ಬೆಳೆಯುತ್ತಿರುವವರೆಗೆ ಮಾತ್ರ ನೀರಿಗೆ ಲಾಭ. ಪ್ರಖರ ಬೆಳಕು ಸಿಗದಿದ್ದರೆ ಪಾಚಿಗಳ ಕೆಲಸ ಕುಂದುತ್ತದೆ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಸಾಲದಿದ್ದರೆ ಬೆಳವಣಿಗೆ ನಿಲ್ಲುತ್ತದೆ. ಸತ್ತರಂತೂ ಮಾಂಸ ಕೊಳೆತು ಅಮೋನಿಯ ಒಮ್ಮೆಲೇ ನೀರಿಗೆ ಮರಳುತ್ತದೆ, ಮೀನುಗಳೂ ಸಾಯಬಹುದು. ಹಾಗಾಗಿ ಇದು ಬ್ಯಾಕ್ಟೀರಿಯಗಳಿಗೆ ಸಹಾಯಕ, ಬದಲಿಯಲ್ಲ. ಕೊಳಕು ತೊಟ್ಟಿಯನ್ನು ಸರಿಪಡಿಸಲು ಇದನ್ನು ತಂದುಬಿಡುವುದು ತಪ್ಪು. ಮೊದಲು ನೀರು ಚೆನ್ನಾಗಿರಬೇಕು, ಆಮೇಲೆ ಮರುವಾಯಿ.

ಇನ್ನೊಂದು ಮಾತು. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಟ್ರೈಡಾಕ್ನಾ ಮ್ಯಾಕ್ಸಿಮಾ ಎಂಬ ಪ್ರಭೇದವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ನೀಡಿದೆ. ಅದನ್ನು ಸಮುದ್ರದಿಂದ ತೆಗೆಯುವುದು ಅಪರಾಧ. ಅಲ್ಲಿ ಅದು ಯಾರೂ ಹೇಳದೆಯೇ ಇದೇ ಕೆಲಸ ಮಾಡುತ್ತಿದೆ. ನಮ್ಮ ತೊಟ್ಟಿಯ ನೀರು ತಿಳಿಯಾಗಲೆಂದು ಕಡಲಿನ ಸೋಸಣಿಗೆಯನ್ನು ಕಿತ್ತು ತರುವುದು ನ್ಯಾಯವಲ್ಲ.

ಯೋಚಿಸಿ: ರಾತ್ರಿಯಿಡೀ ದೀಪ ಆರಿಸಿದ ತೊಟ್ಟಿಯಲ್ಲಿ ಮರುವಾಯಿ ಅಮೋನಿಯ ಹೀರುವ ಪ್ರಮಾಣ ಹೆಚ್ಚೋ, ಕಡಿಮೆಯೋ? ಏಕೆ?